ಬದುಕಿರುವವರು ಸರಿ, ಅವರೇ ಹೌದೇ? — ಮನೆ ಬಾಗಿಲಿಗೆ ಬರುವ ಜೀವಿತ ಪ್ರಮಾಣಪತ್ರ ಸೇವೆಯ ಒಂದು ವಿಮರ್ಶೆ

ಕೇಂದ್ರ ಸರ್ಕಾರದ ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ, ತಾವಿನ್ನೂ ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅದನ್ನು ಸಲ್ಲಿಸುವ ಅವಕಾಶವಿದೆ. ಹಿಂದೆ ಇದಕ್ಕಾಗಿ ಖುದ್ದಾಗಿ ಬ್ಯಾಂಕಿಗೆ ಹೋಗಿ, ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕಿತ್ತು. 2014ರ ನವೆಂಬರ್‌ನಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ಬಂದ ಮೇಲೆ ಬೆರಳಚ್ಚು ಅಥವಾ ಕಣ್ಣಿನ ಪಾಪೆಯ ಮೂಲಕ, 2021ರಿಂದ ಮುಖಚಹರೆಯ ಮೂಲಕವೂ, ಈ ಕೆಲಸ ಆಗುತ್ತಿದೆ. 2020ರಿಂದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ವತಿಯಿಂದ ಪೋಸ್ಟ್‌ಮ್ಯಾನ್ ಮನೆಗೇ ಬಂದು, ತೆರಿಗೆಯೂ ಸೇರಿ 70 ರೂಪಾಯಿಗೆ ಇದನ್ನು ಮಾಡಿಕೊಡುತ್ತಾರೆ. ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ನನ್ನ ತಾಯಿಗಾಗಿ ಪಡೆದ ಈ ಸೇವೆಯನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನ ವಿಮರ್ಶೆಯಾದ್ದರಿಂದ ಪೋಸ್ಟ್‌ಮ್ಯಾನ್ ಎಷ್ಟು ಹೊತ್ತಿಗೆ ಬಂದರು ಎಂಬುದಕ್ಕಿಂತ ಅವರ ಕೈಯ ಮೊಬೈಲು ಯಾವ ಸಿದ್ಧಾಂತವನ್ನು ನಂಬಿಕೊಂಡು ಕೆಲಸ ಮಾಡುತ್ತದೆ ಎಂಬ ವಿಷಯಕ್ಕೆ ಹೆಚ್ಚು ಜಾಗ ಹೋಗುತ್ತದೆ, ಓದುಗರು ಸಹಿಸಿಕೊಳ್ಳಬೇಕು.

ಜೀವಿತ ಪ್ರಮಾಣಪತ್ರ ಹೆಸರಿಗೆ ಒಂದೇ ಪ್ರಶ್ನೆ ಕೇಳುತ್ತದೆ, ನಿಜದಲ್ಲಿ ಎರಡು ಕೇಳುತ್ತದೆ. ಎದುರಿಗಿರುವ ವ್ಯಕ್ತಿ ಜೀವಂತವಾಗಿದ್ದಾರೆಯೇ ಎಂಬುದು ಒಂದು. ಅದಕ್ಕೆ ಉತ್ತರ ಯಾರಿಗೂ ಕಷ್ಟವಲ್ಲ. ಈ ಜೀವಂತ ವ್ಯಕ್ತಿ, ಎಷ್ಟೋ ವರ್ಷಗಳ ಹಿಂದೆ ಪಿಂಚಣಿ ಪಾವತಿ ಆದೇಶದಲ್ಲಿ ಹೆಸರು ಬರೆಸಿದ ಆ ವ್ಯಕ್ತಿಯೇ ಹೌದೇ ಎಂಬುದು ಎರಡನೆಯದು. ಇದು ತತ್ತ್ವಶಾಸ್ತ್ರದಲ್ಲಿ ವ್ಯಕ್ತಿತಾದಾತ್ಮ್ಯದ ಸಮಸ್ಯೆ ಎಂದು ಹೆಸರಾಗಿದ್ದು, ಕಳೆದ ಮುನ್ನೂರಕ್ಕೂ ಹೆಚ್ಚು ವರ್ಷಗಳಿಂದ ಯುರೋಪಿನಲ್ಲಿಯೂ, ಅದಕ್ಕಿಂತ ಬಹಳ ಹಿಂದಿನಿಂದ ನಮ್ಮಲ್ಲಿಯೂ ಪಂಡಿತರ ನಿದ್ದೆ ಕೆಡಿಸಿದೆ. ಅಂಥ ಪ್ರಶ್ನೆಗೆ ನಮ್ಮ ಪಡಸಾಲೆಯಲ್ಲಿ, ಕಾಫಿ ಆರುವುದರೊಳಗೆ, ಹೌದು ಎಂಬ ಉತ್ತರ ಬಂತು. ಉತ್ತರ ಸರಿಯಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಏಕೆ ಸರಿ ಎಂಬುದು ಅಷ್ಟು ಸುಲಭವಲ್ಲ.

ನನ್ನ ತಂದೆ ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ತೀರಿಕೊಂಡ ಮೇಲೆ ತಾಯಿಗೆ ಕುಟುಂಬ ಪಿಂಚಣಿ ಬರುತ್ತಿದೆ. ತಾಯಿ ಮನೆಯ ಹಿಂಭಾಗದಲ್ಲಿ ಬಹುಕಾಲ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವರು. ನಮ್ಮೂರಿನ ಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಕುದಿನೀರಿನ ಬೋಗುಣಿಯಲ್ಲಿ ಗೂಡು ಬೇಯುತ್ತಿರುವಾಗ ಎಳೆಯ ತುದಿಯನ್ನು ಬೆರಳಿನಿಂದಲೇ ಹಿಡಿದು ಚರಕಕ್ಕೆ ಕೊಡಬೇಕು. ಬಿಸಿನೀರು ಮತ್ತು ಗೂಡಿನ ಅಂಟು ಸೇರಿ ಚರ್ಮವನ್ನು ತಿನ್ನುತ್ತವೆ. ತಾಯಿಯ ಬಲಗೈಯ ತೋರುಬೆರಳಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಗೆರೆಗಳಿರಬೇಕಾದ ಜಾಗ ಗಾಜಿನಂತೆ ನುಣುಪಾಗಿದೆ; ಹೆಬ್ಬೆರಳಿನ ಒಳಬದಿಯಲ್ಲಿ ಮಾತ್ರ ಅರ್ಧ ಸುಳಿಯಷ್ಟು ಉಳಿದಿದೆ, ಅದರ ನಡುವೆಯೂ ಒಂದು ಹಳೆಯ ಸುಟ್ಟ ಗಾಯದ ಬಿಳಿ ಗೀಟು ಹಾದುಹೋಗಿದೆ. ಕೆಲವು ವರ್ಷಗಳ ಹಿಂದೆ ಒಂದು ಬ್ಯಾಂಕ್ ಶಾಖೆಯಲ್ಲಿ ಯಂತ್ರದ ಮೇಲೆ ಇವರ ಹತ್ತೂ ಬೆರಳನ್ನು ಒತ್ತಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಒತ್ತಿಸಿ, ಕೊನೆಗೆ ಅಲ್ಲಿದ್ದ ಹುಡುಗ, “ಅಮ್ಮನ ಬೆರಳು ತಗೊಳ್ತಾ ಇಲ್ಲ ಸಾರ್, ಇವರೇ ಅಂತ ಏನು ಗ್ಯಾರಂಟಿ?” ಎಂದದ್ದು ಈಗಲೂ ನೆನಪಿದೆ. ಅವನು ತಪ್ಪು ಮಾತಾಡಿದನೆಂದು ನನಗೆ ಅನ್ನಿಸಲಿಲ್ಲ. ಪ್ರಶ್ನೆ ನ್ಯಾಯವಾದುದೇ, ಆದರೆ ಅದನ್ನು ಕೇಳಬೇಕಾದದ್ದು ಬೆರಳನ್ನಲ್ಲ.

ಬೆರಳಚ್ಚನ್ನು ನಂಬುವ ಪದ್ಧತಿ ಭಾರತದಲ್ಲಿ ಶುರುವಾದದ್ದರಲ್ಲಿ ಪಿಂಚಣಿದಾರರ ಪಾಲಿದೆ ಎಂಬುದು ಹಲವರಿಗೆ ತಿಳಿದಿಲ್ಲ. ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ 1858ರಲ್ಲಿ ಒಬ್ಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಇಡೀ ಅಂಗೈಯ ಗುರುತು ಹಾಕಿಸಿಕೊಂಡರು. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟ್ ಆಗಿದ್ದಾಗ ದಸ್ತಾವೇಜುಗಳ ನೋಂದಣಿಗೂ, ಸೆರೆಮನೆಗೂ, ಪಿಂಚಣಿ ಪಾವತಿಗೂ ಬೆರಳಚ್ಚನ್ನು ಬಳಕೆಗೆ ತಂದರು. ಸತ್ತವರ ಹೆಸರಿನಲ್ಲಿ ಬೇರೊಬ್ಬರು ಬಂದು ಹಣ ಪಡೆಯುವುದನ್ನು ತಡೆಯುವುದು ಆಗಿನ ಉದ್ದೇಶ, ಈಗಿನದೂ ಅದೇ. ಇದರ ಹಿಂದಿರುವ ಸಿದ್ಧಾಂತ ಸರಳ: ವ್ಯಕ್ತಿ ಎಂದರೆ ದೇಹ, ದೇಹದ ನಿರಂತರತೆಯೇ ವ್ಯಕ್ತಿಯ ನಿರಂತರತೆ, ಆ ನಿರಂತರತೆಗೆ ಬೆರಳಿನ ಗೆರೆ ಸಾಕ್ಷಿ. ಆಧಾರ್ ಕೂಡ ಹತ್ತು ಬೆರಳು, ಎರಡು ಕಣ್ಣಿನ ಪಾಪೆ, ಒಂದು ಮುಖದ ಚಿತ್ರ ಇಷ್ಟನ್ನು 12 ಅಂಕಿಗಳ ಸಂಖ್ಯೆಗೆ ಕಟ್ಟಿ, ಇದೇ ಸಿದ್ಧಾಂತವನ್ನು ದೇಶದ ಉದ್ದಗಲಕ್ಕೆ ಹರಡಿದೆ. ಇಲ್ಲಿ ಸಾಮಾನ್ಯವಾಗಿ ಆಗುವ ಗೊಂದಲವೊಂದಿದೆ. ಒಬ್ಬರು ಅವರೇ ಎಂದು ನಮಗೆ ತಿಳಿಯುವುದು ಹೇಗೆ ಎಂಬುದು ಬೇರೆ, ಅವರು ಅವರೇ ಆಗಿರುವುದು ಯಾವುದರಿಂದ ಎಂಬುದು ಬೇರೆ. ಗೆರೆ ಅಳಿಸಿದರೆ ಕುರುಹು ಅಳಿಯಿತೇ ಹೊರತು ಕುರುಹು ಯಾರದೋ ಅವರು ಅಳಿಯಲಿಲ್ಲ. ಯಂತ್ರದ ಪರದೆಯ ಮೇಲೆ ‘ಹೊಂದಾಣಿಕೆಯಾಗಲಿಲ್ಲ’ ಎಂದು ಬಂದಾಗ ಸರದಿಯಲ್ಲಿ ನಿಂತವರೆಲ್ಲ ಈ ಎರಡನ್ನೂ ಒಂದೇ ಎಂದು ತಿಳಿದು ಮುದುಕಿಯ ಮುಖ ನೋಡುವುದು ಈ ಗೊಂದಲದ ಫಲ.

ತಾಯಿಗೆ ಈಗ 80 ದಾಟಿದೆ. ಜೊತೆಗೆ ಮರೆವಿನ ಕಾಯಿಲೆ. ಡಾಕ್ಟರು ಡಿಮೆನ್ಷಿಯಾ ಎನ್ನುತ್ತಾರೆ, ಬೀದಿಯವರು ಅರಳುಮರಳು ಎನ್ನುತ್ತಾರೆ. ನನ್ನನ್ನು ಬಹುಪಾಲು ದಿನ ತಮ್ಮ ಅಣ್ಣನೆಂದು ತಿಳಿದು, “ಅಣ್ಣಯ್ಯ, ಯಾವಾಗ ಬಂದೆ?” ಎಂದು ಕೇಳುತ್ತಾರೆ. ತವರೂರಿನ ಹುಣಸೆತೋಪು, ಕೆರೆ ಕೋಡಿ ಬಿದ್ದ ವರ್ಷ, ಅಕ್ಕನ ಮದುವೆಗೆ ಬಂದ ಓಲಗದವರು ಎಲ್ಲವೂ ಅವರಿಗೆ ನಿಚ್ಚಳ. ನಡುವಯಸ್ಸಿನ ಮೂವತ್ತು ನಲವತ್ತು ವರ್ಷಗಳು ಮಾತ್ರ ಹಿಂಡಿದಂತೆ ಹೋಗಿವೆ. ಪೋಸ್ಟ್‌ಮ್ಯಾನ್ ಬರುವ ಮೊದಲೇ ನನಗೆ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ನೆನಪಾಗಿದ್ದರೆ ಆಶ್ಚರ್ಯವಿಲ್ಲ. ಮನುಷ್ಯನ ತಿಳಿವಳಿಕೆಯನ್ನು ಕುರಿತ ತನ್ನ ಪ್ರಬಂಧದ ಎರಡನೆಯ ಆವೃತ್ತಿಗೆ, 1694ರಲ್ಲಿ, ಸೇರಿಸಿದ ಅಧ್ಯಾಯವೊಂದರಲ್ಲಿ ಆತ ಮನುಷ್ಯ ಬೇರೆ, ವ್ಯಕ್ತಿ ಬೇರೆ ಎಂದು ಬಿಡಿಸಿದ. ಸಸಿ ಮರವಾದರೂ, ಮರಿ ಕುದುರೆಯಾದರೂ ಒಂದೇ ಜೀವ ಮುಂದುವರಿಯುವುದರಿಂದ ಅದು ಅದೇ ಮರ, ಅದೇ ಕುದುರೆ. ಅದೇ ಅರ್ಥದಲ್ಲಿ ಮಗು ಮುದುಕನಾದರೂ ಅದೇ ಮನುಷ್ಯ. ಆದರೆ ಅದೇ ವ್ಯಕ್ತಿ ಎನ್ನಬೇಕಾದರೆ ಹಿಂದಿನ ಕಾರ್ಯವನ್ನು ತನ್ನದೆಂದು ತನ್ನ ಪ್ರಜ್ಞೆಯಲ್ಲಿ ತಲುಪಬಲ್ಲವನಾಗಿರಬೇಕು. ವ್ಯಕ್ತಿ ಎಂಬುದು ನ್ಯಾಯಸ್ಥಾನದ ಪದ, ಬಹುಮಾನ ಶಿಕ್ಷೆಗಳಿಗೆ ಸಂಬಂಧಿಸಿದ್ದು ಎಂದೂ ಆತ ಹೇಳಿದ. ಪಿಂಚಣಿ ಎಂಬುದು ಮಾಡಿದ ಸೇವೆಗೆ ಸಲ್ಲುವ ಪ್ರತಿಫಲ ಎಂದಾದರೆ, ಮಾಡಿದ್ದನ್ನು ಮರೆತವರ ಪಿಂಚಣಿಯನ್ನು ಲಾಕನ ಗುಮಾಸ್ತನೊಬ್ಬ ಕೌಂಟರಿನಲ್ಲಿ ಕುಳಿತಿದ್ದರೆ ನಿಲ್ಲಿಸಿಬಿಡುತ್ತಿದ್ದ. ನಮ್ಮ ಸರ್ಕಾರ ಹಾಗೆ ಮಾಡುವುದಿಲ್ಲ. ಅದು ನೆನಪಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಈ ಸೇವೆಗೆ ನಾನು ಕೊಡುವ ಮೊದಲ ಅಂಕ ಇದಕ್ಕೇ.

ಲಾಕನಿಗೆ ಸಿಕ್ಕ ಪ್ರಸಿದ್ಧ ಉತ್ತರ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ರೀಡ್ 1785ರಲ್ಲಿ ಕೊಟ್ಟದ್ದು. ಹಣ್ಣಿನ ತೋಟ ದೋಚಿ ಶಾಲೆಯಲ್ಲಿ ಏಟು ತಿಂದ ಹುಡುಗನೊಬ್ಬ ಮುಂದೆ ಸೇನೆಯಲ್ಲಿ ಅಧಿಕಾರಿಯಾಗಿ ಶತ್ರುವಿನ ಧ್ವಜ ಕಿತ್ತುಕೊಳ್ಳುತ್ತಾನೆ, ಕೊನೆಗೆ ದಂಡನಾಯಕನಾಗುತ್ತಾನೆ. ಧ್ವಜ ಕಿತ್ತವನಿಗೆ ಏಟಿನ ನೆನಪಿದೆ. ದಂಡನಾಯಕನಿಗೆ ಧ್ವಜದ ನೆನಪಿದೆ, ಏಟಿನ ನೆನಪು ಪೂರ್ತಿ ಹೋಗಿದೆ. ಲಾಕನ ಪ್ರಕಾರ ದಂಡನಾಯಕ ಆ ಅಧಿಕಾರಿಯೇ, ಅಧಿಕಾರಿ ಆ ಹುಡುಗನೇ, ಆದರೂ ದಂಡನಾಯಕ ಆ ಹುಡುಗನಲ್ಲ ಎಂದಾಗುತ್ತದೆ, ಇದು ಅಸಂಬದ್ಧ. ತರಗತಿಯಲ್ಲಿ ಈ ಉದಾಹರಣೆಯನ್ನು ಎಷ್ಟೋ ವರ್ಷ ಹೇಳಿದ್ದರೂ ರೀಡ್ ಮುಪ್ಪಿನ ಮರೆವನ್ನು ಹತ್ತಿರದಿಂದ ನೋಡಿದಂತಿಲ್ಲ ಎಂದು ಈಗ ಅನ್ನಿಸುತ್ತದೆ, ಏಕೆಂದರೆ ಮರೆವು ಅವನು ಹೇಳಿದ ಕ್ರಮದಲ್ಲಿ ಬರುವುದಿಲ್ಲ. ದಂಡನಾಯಕನಿಗೆ ನಿಜವಾಗಿ ಉಳಿಯುವುದು ಶಾಲೆಯ ಏಟು, ಹೋಗುವುದು ಧ್ವಜ. ನನ್ನ ತಾಯಿಗೆ ಎಂಟು ವರ್ಷದ ಹುಡುಗಿ ಕೈಗೆಟಕುವಷ್ಟು ಹತ್ತಿರ. ಬೋಗುಣಿಯ ಮುಂದೆ ಕುಳಿತಿದ್ದ ನಲವತ್ತರ ಹೆಂಗಸು ಅಪರಿಚಿತಳು. ವಿಚಿತ್ರವೆಂದರೆ ಇದು ಲಾಕನ ಪಕ್ಷದವರಿಗೆ ಅನುಕೂಲವೇ ಆಗುತ್ತದೆ. ಅವರ ಇತ್ತೀಚಿನ ಅನುಯಾಯಿಗಳು ನೇರ ನೆನಪು ಬೇಡ, ಒಂದಕ್ಕೊಂದು ಹೆಣೆದ ನೆನಪುಗಳ ಸರಪಳಿ ಸಾಕು ಎನ್ನುತ್ತಾರೆ. ಮುದುಕಿಗೆ ಹುಡುಗಿಯ ನೆನಪಿದೆ, ನಲವತ್ತರ ಹೆಂಗಸಿಗೂ ಅದೇ ಹುಡುಗಿಯ ನೆನಪಿತ್ತು. ಇಬ್ಬರೂ ಒಂದೇ ಹುಡುಗಿಗೆ ಕಟ್ಟಿಕೊಂಡಿರುವುದರಿಂದ ಇಬ್ಬರೂ ಒಬ್ಬರೇ. ಸರಪಳಿ ನಡುವೆ ತುಂಡಾದರೂ ಬುಡದಲ್ಲಿ ಕೊಂಡಿ ಇದೆ. ಆದರೆ ಕಾಯಿಲೆ ಆ ಬುಡವನ್ನೂ ಒಂದು ದಿನ ಮುಟ್ಟುತ್ತದೆ, ಆಗ ಈ ಸಮಾಧಾನವೂ ಉಳಿಯುವುದಿಲ್ಲ. ಪಿಂಚಣಿಯಂಥ ವಿಷಯವನ್ನು ಇಂಥ ಕೊಂಡಿಯ ಮೇಲೆ ನಿಲ್ಲಿಸುವುದು ಸಲ್ಲದು.

ಪ್ರಾಸಂಗಿಕವಾಗಿ ಒಂದು ಮಾತು. ವ್ಯಕ್ತಿ ಅದೇ ಹೌದೇ ಅಲ್ಲವೇ ಎಂಬ ಚರ್ಚೆಯಲ್ಲಿ ಪೂರ್ವದವರೂ ಪಶ್ಚಿಮದವರೂ ಹಣ್ಣು ಕದಿಯುವವರನ್ನೇ ಕರೆತರುತ್ತಾರೆ. ಮಿಲಿಂದ ರಾಜನೊಂದಿಗಿನ ಸಂವಾದದಲ್ಲಿ ಬೌದ್ಧ ಭಿಕ್ಷು ನಾಗಸೇನ ಒಬ್ಬ ಮಾವಿನಹಣ್ಣಿನ ಕಳ್ಳನ ಕಥೆ ಹೇಳುತ್ತಾನೆ. ಸಿಕ್ಕಿಬಿದ್ದ ಕಳ್ಳ, “ಈತ ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ, ಆದ್ದರಿಂದ ನನಗೆ ಶಿಕ್ಷೆ ಸಲ್ಲದು” ಎಂದು ವಾದಿಸಿದರೆ ಒಪ್ಪುವಿರಾ ಎಂದು ಕೇಳುತ್ತಾನೆ. ರಾಜ ಒಪ್ಪುವುದಿಲ್ಲ, ಈ ಹಣ್ಣು ಆ ಬೀಜದಿಂದಲೇ ಬಂದದ್ದು ಎನ್ನುತ್ತಾನೆ. ಅಷ್ಟೇ ಸಾಕು ಎಂಬುದು ನಾಗಸೇನನ ಅಭಿಪ್ರಾಯ: ಹಿಂದಿನವನು ಮುಂದಿನವನು ಒಬ್ಬನೇ ಎನ್ನುವಂತಿಲ್ಲ, ಬೇರೆ ಎನ್ನುವಂತೆಯೂ ಇಲ್ಲ, ರಾತ್ರಿಯ ಮೂರು ಯಾಮಗಳಲ್ಲಿಯೂ ಉರಿಯುವ ದೀಪದ ಜ್ವಾಲೆಯಂತೆ ಒಂದರಿಂದ ಇನ್ನೊಂದು ಹುಟ್ಟುತ್ತ ಹೋಗುತ್ತದೆ. ಹುಟ್ಟಿಬಂದ ಆ ಸಂಬಂಧದಿಂದಲೇ ಹೊಣೆಯೂ ಹಕ್ಕೂ ಸಾಗಿಬರುತ್ತವೆ. ಶ್ರೀನಿವಾಸಪುರದ ಮಾವಿನ ತೋಪುಗಳ ಕಾವಲುಗಾರರಿಗೆ ಈ ವಾದವನ್ನು ವಿವರಿಸುವ ಅಗತ್ಯ ಬೀಳದು. ಪಿಂಚಣಿ ಕಡತವೂ ನಾಗಸೇನನ ಮಾತಿಗೆ ಒಪ್ಪುವಂತೆಯೇ ಇದೆ ಎಂದು ನನಗೆ ತೋರುತ್ತದೆ. ಅದರ ಹಳೆಯ ಹಾಳೆಗಳಲ್ಲಿ ನಮ್ಮ ವಿಳಾಸ ‘ಶಿಡ್ಲಘಟ್ಟ, ಕೋಲಾರ ಜಿಲ್ಲೆ’ ಎಂದಿದೆ. ಆಧಾರಿನಲ್ಲಿ ‘ಚಿಕ್ಕಬಳ್ಳಾಪುರ ಜಿಲ್ಲೆ’. 2007ರಲ್ಲಿ ಜಿಲ್ಲೆ ಬೇರೆಯಾಯಿತು, ತಾಯಿ ಹೊಸಿಲು ದಾಟಲಿಲ್ಲ. ವಿಳಾಸ ಬದಲಾದದ್ದಕ್ಕೆ ವ್ಯಕ್ತಿ ಬದಲಾದರೆಂದು ಯಾರೂ ತಕರಾರು ತೆಗೆಯಲಿಲ್ಲ, ಒಂದು ಮತ್ತೊಂದರಿಂದ ಬಂದದ್ದೆಂದು ಎಲ್ಲರಿಗೂ ಗೊತ್ತಿತ್ತು.

ಈಗ ಸೇವೆಯ ವಿಷಯಕ್ಕೆ. ಬೇಡಿಕೆಯನ್ನು ಅಂಚೆ ಕಚೇರಿಯಲ್ಲಿ ಹೇಳಬಹುದು, ಬೀದಿಗೆ ಬರುವ ಪೋಸ್ಟ್‌ಮ್ಯಾನ್‌ಗೂ ಹೇಳಬಹುದು. ಬಂದವರು ನಮ್ಮ ಬೀದಿಗೆ ಹೊಸಬರಾದ ಒಬ್ಬ ಯುವಕ. ಚಪ್ಪಲಿ ಬಿಟ್ಟು ಒಳಬಂದು, ಮಂಚದ ಪಕ್ಕದಲ್ಲಿ ಮೊಣಕಾಲೂರಿ ಕುಳಿತು, ಮೊದಲು ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಪಿಂಚಣಿ ಪಾವತಿ ಆದೇಶದ ಸಂಖ್ಯೆ, ಬ್ಯಾಂಕ್ ಖಾತೆ ಇವನ್ನು ತುಂಬಿಕೊಂಡರು. ಬೆರಳನ್ನು ನೋಡಿದವರೇ, “ಇದು ಬೇಡ ಸಾರ್, ಮುಖಕ್ಕೇ ಹೋಗೋಣ” ಎಂದರು. ಶಿಡ್ಲಘಟ್ಟದಲ್ಲಿ ಕೆಲಸ ಮಾಡುವ ಪೋಸ್ಟ್‌ಮ್ಯಾನ್‌ಗೆ ರೇಷ್ಮೆಯವರ ಬೆರಳನ್ನು ಪರೀಕ್ಷಿಸುವ ಅಗತ್ಯವಿಲ್ಲವೆಂದು ತೋರುತ್ತದೆ. ಮೊಬೈಲನ್ನು ಮುಖದ ಎದುರು ಹಿಡಿದಾಗ ಪರದೆಯ ಮೇಲೊಂದು ಅಂಡಾಕಾರದ ಚೌಕಟ್ಟು ಮೂಡುತ್ತದೆ. ಮುಖ ಅದರೊಳಗೆ ಸರಿಯಾಗಿ ಕುಳಿತರೆ ಅಂಚು ಹಸಿರಾಗುತ್ತದೆ, ಆಮೇಲೆ ಕಣ್ಣು ಮಿಟುಕಿಸಬೇಕು. ಚಿತ್ರವನ್ನೋ ಮುಖವಾಡವನ್ನೋ ಹಿಡಿದು ಮೋಸ ಮಾಡದಿರಲೆಂದು ಈ ಏರ್ಪಾಡು. “ಅಜ್ಜಿ, ಕಣ್ಣು ಮುಚ್ಚಿ ತೆಗೀರಿ” ಎಂದರೆ ತಾಯಿ ಮುಚ್ಚಿದರು, ತೆಗೆಯಲಿಲ್ಲ. ನಿದ್ದೆ ಮಾಡಲು ಹೇಳುತ್ತಿದ್ದಾರೆಂದು ತಿಳಿದಿರಬೇಕು. ಆ ಯುವಕ ಸ್ವಲ್ಪವೂ ಬೇಸರಿಸದೆ ತಾವೇ ಕಣ್ಣು ಮಿಟುಕಿಸಿ ತೋರಿಸಿದರು, ಮಗುವಿನ ಆಟವೆಂಬಂತೆ ತಾಯಿ ನಕ್ಕು ಹಾಗೆಯೇ ಮಾಡಿದರು, ಹಸಿರಾಯಿತು.

ಒಂದು ರೆಪ್ಪೆ ಬಡಿತವನ್ನು ಜೀವದ ಸಾಕ್ಷಿಯೆಂದು ಒಪ್ಪುವ ಈ ವಿಧಾನ, ವ್ಯಕ್ತಿ ಎಂದರೆ ಮೂಲತಃ ಒಂದು ಪ್ರಾಣಿ ಎಂಬ ಸಿದ್ಧಾಂತಕ್ಕೆ ತೀರ ಸಮೀಪದ್ದು. 1990ರ ದಶಕದಲ್ಲಿ ಎರಿಕ್ ಓಲ್ಸನ್ ಮುಂತಾದವರು ಈ ಪಕ್ಷವನ್ನು ಬಲವಾಗಿ ಮಂಡಿಸಿದರು. ನಾವು ಮನಸ್ಸನ್ನು ಹೊತ್ತ ದೇಹವೂ ಅಲ್ಲ, ದೇಹದಲ್ಲಿ ವಾಸಿಸುವ ಮನಸ್ಸೂ ಅಲ್ಲ, ಉಸಿರಾಡುವ, ಅರಗಿಸಿಕೊಳ್ಳುವ ಒಂದು ಜೀವಿ; ಆ ಜೀವಿ ಬದುಕಿರುವಷ್ಟು ಕಾಲ ನಾವು ಇರುತ್ತೇವೆ, ನೆನಪು ಬಂದು ಹೋಗುವ ವಿಷಯ. ಗರ್ಭದಲ್ಲಿದ್ದಾಗ ನಮಗೆ ಯಾವ ನೆನಪೂ ಇರಲಿಲ್ಲ, ಆದರೂ ಅದು ನಾವೇ ಎಂದು ಎಲ್ಲರೂ ಹೇಳುತ್ತಾರೆ ಎಂಬುದು ಇವರ ಗಟ್ಟಿ ವಾದಗಳಲ್ಲೊಂದು. ರೇಷ್ಮೆ ಸಾಕುವವರಿಗೆ ಇದು ಹೊಸದೇನೂ ಅಲ್ಲ. ಮೊಟ್ಟೆಯಿಂದ ಹೊರಬಂದ ಹುಳು ನಾಲ್ಕು ಜ್ವರ (ಚರ್ಮ ಕಳಚುವ ಮುಂಚೆ ಹುಳು ಮೇವು ಬಿಟ್ಟು ಸುಮ್ಮನಿರುವ ಹೊತ್ತು) ಎದ್ದು, ನಾಲ್ಕು ಸಲ ಚರ್ಮ ಕಳಚಿ, ಗೂಡು ಕಟ್ಟಿ, ಕೋಶವಾಗಿ, ಬಿಟ್ಟರೆ ಚಿಟ್ಟೆಯಾಗಿ ಹೊರಬರುತ್ತದೆ. ಒಳಗೆ ದೇಹದ ಬಹುಭಾಗ ಕರಗಿ ಹೊಸದಾಗಿ ಕಟ್ಟಿಕೊಂಡಿರುತ್ತದೆ, ಆಕಾರದಲ್ಲಿ ಮೊದಲಿನ ಒಂದು ಗೆರೆಯೂ ಉಳಿದಿರುವುದಿಲ್ಲ, ಆದರೂ ಹುಳು ಮನೆಯಲ್ಲಿ ಯಾರೂ ಅದನ್ನು ಬೇರೆ ಜೀವವೆಂದು ಲೆಕ್ಕ ಹಾಕುವುದಿಲ್ಲ. ಇದಕ್ಕೆ ಒಂದು ತೊಡಕೂ ಸೇರಿಕೊಂಡಿದೆ. 2008ರಲ್ಲಿ ಅಮೆರಿಕದ ಸಂಶೋಧಕರು ತಂಬಾಕಿನ ಎಲೆ ತಿನ್ನುವ ಒಂದು ಜಾತಿಯ ಕಂಬಳಿಹುಳುವಿಗೆ ಒಂದು ವಾಸನೆಯ ಜೊತೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ಆ ವಾಸನೆಯಿಂದ ದೂರ ಸರಿಯುವುದನ್ನು ಕಲಿಸಿದರು. ಕೊನೆಯ ಹಂತದಲ್ಲಿ ಕಲಿತ ಹುಳುಗಳು ಪತಂಗವಾದ ಮೇಲೂ ಆ ವಾಸನೆಗೆ ಹಿಂಜರಿದವು. ದೇಹ ಕರಗಿದರೂ ಕಲಿತದ್ದು ಕರಗಲಿಲ್ಲ ಎಂದರೆ, ದೇಹ ಒಂದು ಕಡೆ ನೆನಪು ಒಂದು ಕಡೆ ಎಂದು ನಾವು ಹಾಕಿಕೊಂಡ ಗೋಡೆಯೇ ಎಷ್ಟರಮಟ್ಟಿಗೆ ಸರಿ?

ಈ ಪ್ರಶ್ನೆಗೆ ನನ್ನ ಬಳಿ ಒಂದು ಚಿಕ್ಕ ಸಾಕ್ಷ್ಯವಿದೆ. ತಾಯಿಯ ಕೈಗೆ ಒಂದು ಒಣ ಗೂಡು ಕೊಟ್ಟರೆ, ಇದೇನು ಎಂದು ಕೇಳಿದರೆ ಅವರು ಹೇಳಲಾರರು. ಒಮ್ಮೆ ಕಡಲೆಕಾಯಿ ಎಂದರು. ಆದರೆ ಹಾಗೆನ್ನುತ್ತಲೇ ಅವರ ಹೆಬ್ಬೆರಳು ಗೂಡಿನ ಮೇಲಿನ ಅರಳೆಯಂಥ ಎಳೆಯನ್ನು ಒಂದು ಬದಿಯಿಂದ ಎತ್ತಿ, ತೋರುಬೆರಳಿಗೆ ಸುತ್ತಿ, ಸಿಪ್ಪೆಯಂತೆ ಬಿಡಿಸಿ ಪಕ್ಕಕ್ಕಿಡುತ್ತದೆ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೋಶ ಕಟಕಟ ಎನ್ನುತ್ತದೆಯೇ ಎಂದು ಕೇಳಿ, ಹಗುರವೆನ್ನಿಸಿದರೆ ಮುಖ ಗಂಟಿಕ್ಕುತ್ತಾರೆ. ನಲವತ್ತರ ಆ ಹೆಂಗಸು ಮಾತಿಗೆ ಸಿಗದಿದ್ದರೂ ಬೆರಳಿನಲ್ಲಿ ಇದ್ದಾಳೆ. ಗೆರೆ ಅಳಿದ ಬೆರಳಿನಲ್ಲೇ ಇದ್ದಾಳೆ ಎಂಬುದನ್ನು ಗಮನಿಸಬೇಕು. ಯಂತ್ರ ಓದಲು ಹೋದದ್ದು ಚರ್ಮವನ್ನು, ಗುರುತು ಇದ್ದದ್ದು ಚಲನೆಯಲ್ಲಿ. ನ್ಯಾಯದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರದ ಮೂರನೆಯ ಅಧ್ಯಾಯ ಶುರುವಾಗುವುದೇ, ಕಣ್ಣಿನಿಂದ ಕಂಡದ್ದನ್ನು ಮುಟ್ಟಿಯೂ ಅದೇ ಎಂದು ಗ್ರಹಿಸುವುದರಿಂದ ಎರಡೂ ಇಂದ್ರಿಯಗಳಿಗಿಂತ ಬೇರೆಯಾದ ಒಬ್ಬ ಜ್ಞಾತೃ, ಅಂದರೆ ತಿಳಿಯುವವನು, ಇರಬೇಕು ಎಂಬ ವಾದದಿಂದ. ಬ್ರಹ್ಮಸೂತ್ರದ ‘ಅನುಸ್ಮೃತೇಶ್ಚ’ (ನೆನಪಿರುವುದರಿಂದಲೂ) ಎಂಬ ಸೂತ್ರಕ್ಕೆ ಭಾಷ್ಯ ಬರೆಯುತ್ತ ಶಂಕರರು, ಕ್ಷಣಕ್ಷಣಕ್ಕೂ ಹೊಸದಾಗಿ ಹುಟ್ಟುವವನಿಗೆ ‘ಅಂದು ಕಂಡ ನಾನೇ ಇಂದು ನೆನೆಯುತ್ತಿದ್ದೇನೆ’ ಎಂಬ ಅನುಭವ ಬರಲಾರದೆಂದು ಬೌದ್ಧರನ್ನು ಆಕ್ಷೇಪಿಸುತ್ತಾರೆ. ಕಂಡವನೂ ನೆನೆಯುವವನೂ ಒಬ್ಬನಾಗಿರಬೇಕು ಎಂಬ ಈ ವಾದ ನನಗೆ ಮೊದಲಿನಿಂದಲೂ ಇಷ್ಟ. ಆದರೆ ನೆನಪು ಹೋದವರ ವಿಷಯದಲ್ಲಿ ಅದು ಮೌನವಾಗಿರುತ್ತದೆ ಎಂದು ಕೆಲವರು ತಿಳಿಯುವುದು ಸರಿಯಲ್ಲ. ನೆನಪು ಇಲ್ಲಿ ಆತ್ಮಕ್ಕೆ ಸಾಕ್ಷಿ ಮಾತ್ರ, ಆತ್ಮವೇ ಅಲ್ಲ. ಸಾಕ್ಷಿ ಬಾರದಿದ್ದರೆ ಮೊಕದ್ದಮೆ ನಡೆಯದು, ಕಕ್ಷಿದಾರ ಇಲ್ಲವೆಂದಾಗದು. ಲಾಕನಿಗಿಂತ ನಮ್ಮವರು ಇಲ್ಲಿ ಹೆಚ್ಚು ಎಚ್ಚರದಿಂದ ಇದ್ದಾರೆ.

ಸ್ಕಾಟ್ಲೆಂಡಿನ ಇನ್ನೊಬ್ಬ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್‌ನ ಬಗ್ಗೆ ಒಂದೆರಡು ಮಾತು ಸಾಕು. ಒಳಗೆ ಹುಡುಕಿದರೆ ಅನುಭವಗಳ ಕಟ್ಟು ಸಿಗುತ್ತದೆಯೇ ಹೊರತು ಕಟ್ಟಿದ ಹಗ್ಗ ಸಿಗುವುದಿಲ್ಲ ಎಂದು ಆತ 1739ರಲ್ಲಿ ಬರೆದು, ಮರುವರ್ಷವೇ ಅನುಬಂಧದಲ್ಲಿ ತನ್ನ ವಿವರಣೆ ತನಗೇ ತೃಪ್ತಿ ಕೊಡುತ್ತಿಲ್ಲವೆಂದ. ಪಿಂಚಣಿ ಇಲಾಖೆಗೆ ಅವನಿಂದ ಉಪಯೋಗವಿಲ್ಲ.

ಬ್ರಿಟಿಷ್ ತತ್ತ್ವಜ್ಞಾನಿ ಡೆರೆಕ್ ಪಾರ್ಫಿಟ್‌ನಿಂದ ಉಪಯೋಗವಿದೆ. 1984ರ ತನ್ನ ಗ್ರಂಥದಲ್ಲಿ ಆತ, ತಾದಾತ್ಮ್ಯ ಇದೆಯೋ ಇಲ್ಲವೋ ಎಂಬುದು ಮುಖ್ಯವೇ ಅಲ್ಲ, ಮುಖ್ಯವಾದದ್ದು ಮಾನಸಿಕ ಸಂಬಂಧಗಳು, ಅವು ಹೆಚ್ಚು ಕಡಿಮೆಯಾಗಬಲ್ಲವು ಎಂದು ವಾದಿಸಿದ. ಇಪ್ಪತ್ತರಲ್ಲಿ ಕುಡಿದು ಜಗಳವಾಡಿ ಪೊಲೀಸನೊಬ್ಬನಿಗೆ ಗಾಯ ಮಾಡಿದ್ದನ್ನು ತೊಂಬತ್ತರ ಸಜ್ಜನನೊಬ್ಬ ಒಪ್ಪಿಕೊಂಡರೆ ಈಗ ಅವನು ಶಿಕ್ಷೆಗೆ ಅರ್ಹನಾಗಿರಲಾರ ಎಂಬ ಅವನ ಉದಾಹರಣೆಯನ್ನು ಒಪ್ಪುವುದು ಸುಲಭ. ಆದರೆ ಸಂಬಂಧ ಸಡಿಲವಾದಂತೆ ಶಿಕ್ಷೆ ಸಡಿಲವಾಗುವುದಾದರೆ ಹಕ್ಕೂ ಸಡಿಲವಾಗಬೇಕಲ್ಲವೇ, ನೆನಪು ಅರ್ಧವಾದವರಿಗೆ ಪಿಂಚಣಿಯೂ ಅರ್ಧವೇ ಎಂದು ಯಾರಾದರೂ ಕೇಳಿದರೆ, ತಾಯಿಯ ಮಂಚದ ಪಕ್ಕದಲ್ಲಿ ನಿಂತು ಈ ಪ್ರಶ್ನೆಗೆ ಹೌದೆನ್ನುವ ಧೈರ್ಯ ನನಗಿಲ್ಲ. ಕಾರಣ ಭಾವುಕತೆಯಲ್ಲ. ನನ್ನ ತಾಯಿಗೆ ಬರುವುದು ಅವರು ಮಾಡಿದ ಕೆಲಸದ ಪ್ರತಿಫಲವೇ ಅಲ್ಲ. ಅದು ಕುಟುಂಬ ಪಿಂಚಣಿ, ಒಬ್ಬರ ಹೆಂಡತಿಯಾಗಿದ್ದುದರಿಂದ ಬಂದದ್ದು. ನೆನಪು ಬೇಕೆನ್ನುವ ಸಿದ್ಧಾಂತಗಳೆಲ್ಲ ಒಬ್ಬ ವ್ಯಕ್ತಿ ಮತ್ತು ಅವನ ಕೃತ್ಯ ಇವೆರಡನ್ನೇ ಎದುರಿಟ್ಟುಕೊಂಡು ಹುಟ್ಟಿದವು. ಹಕ್ಕು ಇನ್ನೊಬ್ಬರ ಸಂಬಂಧದಿಂದ ಬಂದಾಗ ಆ ಸಂಬಂಧವನ್ನು ನೆನೆಯುವ ಹೊಣೆಯನ್ನು ಆಕೆಯೊಬ್ಬಳ ತಲೆಗೇ ಕಟ್ಟುವುದು ಏಕೆ? ಕಡತ ನೆನಪಿಟ್ಟಿದೆ, ಮಕ್ಕಳು ನೆನಪಿಟ್ಟಿದ್ದೇವೆ, ಬೀದಿ ನೆನಪಿಟ್ಟಿದೆ.

ಇದರ ತೀವ್ರ ರೂಪ ಅರ್ಜಿಯ ಒಂದು ಕಲಮಿನಲ್ಲಿ ಎದುರಾಯಿತು. ಮರುಮದುವೆಯಾಗಿದ್ದಾರೆಯೇ ಎಂದು ಅದು ಕೇಳುತ್ತದೆ. ಪೋಸ್ಟ್‌ಮ್ಯಾನ್ ಸಂಕೋಚದಿಂದಲೇ, “ಕೇಳಬೇಕು ಸಾರ್, ಎಲ್ಲರಿಗೂ ಕೇಳ್ತೀವಿ” ಎಂದು ನನ್ನ ಮುಖ ನೋಡಿದರು. ಮದುವೆ ಎಂಬ ಮಾತು ತಾಯಿಯ ಕಿವಿಗೆ ಬಿತ್ತು. “ನಮ್ಮ ಯಜಮಾನರು ಡ್ಯೂಟಿಗೆ ಹೋಗಿದಾರೆ, ಬರಲಿ, ಕೇಳ್ತೀನಿ” ಎಂದರು. ಯುವಕ ತಲೆ ತಗ್ಗಿಸಿ ‘ಇಲ್ಲ’ ಎಂಬುದನ್ನು ಒತ್ತಿದರು. ಒತ್ತಿದ್ದು ನಿಜವೇ. ಆದರೆ ತಾಯಿಯ ಪ್ರಜ್ಞೆಯನ್ನೇ ಪ್ರಮಾಣವೆಂದು ಹಿಡಿದರೆ ಆಕೆ ವಿಧವೆಯಲ್ಲ, ಗಂಡ ಬದುಕಿದ್ದಾನೆ, ಅಂದರೆ ಕುಟುಂಬ ಪಿಂಚಣಿಗೆ ಅರ್ಹಳೇ ಅಲ್ಲ. ತಾವು ಯಾರೆಂದು ಅವರು ತಿಳಿದಿದ್ದಾರೋ ಅವರಿಗೆ ಹಣ ಸಲ್ಲುವುದಿಲ್ಲ. ಅವರು ಯಾರೆಂದು ನಾವು ತಿಳಿದಿದ್ದೇವೋ ಅವರಿಗೆ ಸಲ್ಲುತ್ತದೆ. ವ್ಯಕ್ತಿಯನ್ನು ಒಳಗಿನಿಂದ ನಿರ್ಣಯಿಸಬೇಕು ಎನ್ನುವ ಎಲ್ಲ ಸಿದ್ಧಾಂತಗಳಿಗೂ ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ನಾನು ಪುಸ್ತಕಗಳಲ್ಲಿ ಕಂಡಿಲ್ಲ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಈ ಸೇವೆ ಅನುಸರಿಸುವ ದೇಹದ ಮಾನದಂಡ ತತ್ತ್ವವಾಗಿ ಅಪೂರ್ಣ, ಆದರೆ ಪಿಂಚಣಿಯ ಮಟ್ಟಿಗೆ ಅದಕ್ಕಿಂತ ನ್ಯಾಯವಾದ ಇನ್ನೊಂದು ನನಗೆ ತೋರುತ್ತಿಲ್ಲ. ಬುದ್ಧಿ ನೆಟ್ಟಗಿದೆಯೇ, ನೆನಪಿದೆಯೇ, ಮೊದಲಿನ ಸ್ವಭಾವ ಉಳಿದಿದೆಯೇ ಎಂದು ವಿಚಾರಿಸದೆ, ಜೀವ ಮುಂದುವರಿದಿರುವುದನ್ನಷ್ಟೇ ನೋಡಿ ಹಕ್ಕನ್ನು ಉಳಿಸುವುದರಲ್ಲಿ ಒಂದು ಘನತೆಯಿದೆ. ಇದರ ದೌರ್ಬಲ್ಯ ಸಿದ್ಧಾಂತದಲ್ಲಿಲ್ಲ, ಸಿದ್ಧಾಂತವನ್ನು ಒಂದೇ ಕುರುಹಿಗೆ ಇಳಿಸುವುದರಲ್ಲಿದೆ. ದೇಹವೆಂದರೆ ಬೆರಳ ತುದಿಯಲ್ಲ. ಬೆರಳಿಲ್ಲದವರಿಗೆ ಕಣ್ಣು, ಕಣ್ಣಿಗೆ ಪೊರೆ ಬಂದವರಿಗೆ ಮುಖ, ಮುಖವೂ ಒಪ್ಪದಿದ್ದರೆ ಮನುಷ್ಯರ ಗುರುತು ಎಂದು ಮೆಟ್ಟಿಲುಗಳಿರಬೇಕು. ಕೊನೆಯ ಮೆಟ್ಟಿಲು ಈಗಲೂ ಇದೆ: ಅಧಿಕಾರಿಯ ಎದುರು ಸಹಿ ಹಾಕುವ ಕಾಗದದ ಪ್ರಮಾಣಪತ್ರ ರದ್ದಾಗಿಲ್ಲ. ‘ಇವರು ಅವರೇ, ನಾನು ನೋಡಿದ್ದೇನೆ’ ಎಂದು ಒಬ್ಬ ಮನುಷ್ಯ ಇನ್ನೊಬ್ಬನ ಬಗ್ಗೆ ಹೊಣೆ ಹೊತ್ತು ಹೇಳುವ ಆ ವಿಧಾನವೇ ನಮ್ಮ ದರ್ಶನಕಾರರು ಪ್ರತ್ಯಭಿಜ್ಞೆ (ಮೊದಲು ಕಂಡದ್ದನ್ನು ಅದೇ ಎಂದು ಗುರುತು ಹಿಡಿಯುವುದು) ಎಂದು ಕರೆದದ್ದಕ್ಕೆ ಅತ್ಯಂತ ಸಮೀಪದ್ದು. ಡಿಜಿಟಲ್ ಬಂತೆಂದು ಅದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವ ಅಧಿಕಾರಿಗಳು ಇದನ್ನು ಯೋಚಿಸಬೇಕು.

ಸ್ಮಾರ್ಟ್‌ಫೋನ್ ಬಳಸಬಲ್ಲವರು ಆಧಾರ್ ಮುಖಚಹರೆಯ ಆ್ಯಪ್ ಮತ್ತು ಜೀವನ್ ಪ್ರಮಾಣ್ ಆ್ಯಪ್ ಎರಡನ್ನೂ ಹಾಕಿಕೊಂಡು ಮನೆಯಲ್ಲೇ ಹಣವಿಲ್ಲದೆ ಇದನ್ನು ಮುಗಿಸಬಹುದು. ಆದರೂ ಮರೆವಿನ ಕಾಯಿಲೆಯವರು ಇರುವ ಮನೆಯವರಿಗೆ ನಾನು ಪೋಸ್ಟ್‌ಮ್ಯಾನ್‌ರನ್ನೇ ಕರೆಸಿ ಎನ್ನುತ್ತೇನೆ, ಏಕೆಂದರೆ ಮಕ್ಕಳು ಹೇಳಿದರೆ ಮಾಡದವರು ಖಾಕಿ ಅಂಗಿಯವರು ಹೇಳಿದರೆ ಮಾಡುತ್ತಾರೆ, ಮತ್ತು ಮರುಮದುವೆಯಂಥ ಕಲಮನ್ನು ಮಗನೇ ಕೇಳಿ ಮಗನೇ ಒತ್ತುವುದಕ್ಕಿಂತ ಹೊರಗಿನವರೊಬ್ಬರು ಒತ್ತುವುದು ಒಳ್ಳೆಯದು. ಪಿಂಚಣಿ ಪಾವತಿ ಆದೇಶದ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಮೊದಲೇ ತೆಗೆದಿಟ್ಟಿರಿ; ಹೆಸರಿನ ಕಾಗುಣಿತ ಮೂರರಲ್ಲೂ ಒಂದೇ ಇದೆಯೇ ನೋಡಿಕೊಳ್ಳಿ. ಕಿಟಕಿಗೆ ಬೆನ್ನು ಹಾಕಿ ಕೂರಿಸಬೇಡಿ, ಮುಖಕ್ಕೆ ನೆರಳು ಬಿದ್ದರೆ ಹಸಿರು ಬರುವುದಿಲ್ಲ. ಬೆಳಗಿನ ಹೊತ್ತು, ಅವರು ತಿಂಡಿ ತಿಂದು ಗೆಲುವಾಗಿರುವಾಗ ಕರೆಸಿ. ಕೆಲಸ ಮುಗಿದೊಡನೆ ಪ್ರಮಾಣ ಸಂಖ್ಯೆ ಮೊಬೈಲಿಗೆ ಸಂದೇಶವಾಗಿ ಬರುತ್ತದೆ, ಆದರೆ ಅದು ಬಂದ ಮಾತ್ರಕ್ಕೆ ಪಿಂಚಣಿ ಕೊಡುವ ಬ್ಯಾಂಕು ಒಪ್ಪಿತೆಂದು ಅರ್ಥವಲ್ಲ. ಸ್ವೀಕೃತವಾಯಿತೋ ತಿರಸ್ಕೃತವಾಯಿತೋ ಎಂದು ಕೆಲವು ದಿನ ಬಿಟ್ಟು ಆ ಸಂಖ್ಯೆಯಿಂದ ನೋಡಿಕೊಳ್ಳಬೇಕು. ನಮ್ಮದು ಸ್ವೀಕೃತವಾಗಿದೆ.